ಹುರಿದ ಅಕ್ಕಿಯ ಮೇಲೆ ನಲವತ್ತು ಸುರಗಿ

ಜೂನ್ ಕೊನೆಯ ಒಂದು ಮಧ್ಯಾಹ್ನ ಕೇಕಿನ ಟಿನ್ನು, ಕತ್ತರಿ, ಕುಂಚ, ಬಣ್ಣದ ಡಬ್ಬಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಸುತ್ತಿದ್ದೆ. ಅಟ್ಟಕ್ಕೆ ಹಾಕಿ ಈ ಕೆಲಸಕ್ಕೇ ಕೈ ಮುಗಿದುಬಿಡುವ ಅಂತ. ಅಷ್ಟರಲ್ಲಿ ಫೋನು ಬಂತು.

“ಅಕ್ಕಾ, ನಾನ್, ಬ್ರಹ್ಮಾವರದಿಂದ. ಮೇ ತಿಂಗ್ಳಂಗೆ ನಮ್ಗೆ ಕೇಕ್ ಮಾಡಿಕೊಟ್ಟಿದ್ರಿಯಲ್ದಾ?”

ಆ ಕೇಕನ್ನು ಮರೆಯಬೇಕು ಅಂತಲೇ ನಾನು ಗೋಣಿ ಹಿಡಿದು ಕೂತದ್ದು.

ಮೇ ತಿಂಗಳಲ್ಲಿ ಈ ಹುಡುಗಿಯ ನಿಶ್ಚಿತಾರ್ಥ. ಕ್ರಿಶ್ಚಿಯನ್ ಮನೆಯವಳು, ಉಡುಪಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ನನ್ನ ಕೇಕು ಎಲ್ಲೋ ತಿಂದು, ಹುಡುಕಿಕೊಂಡು ಬಂದಿದ್ದಳು. ಆ ಹೊತ್ತಿಗೆ ನಾನು ವೇಫರ್ ಪೇಪರ್ ಅನ್ನುವ ತಿನ್ನುವ ಕಾಗದದಿಂದ ಹೂವು ಮಾಡಲು ಹೊಸದಾಗಿ ಕಲಿತಿದ್ದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ, ಹಾಗೆ ಕಂಡಕಂಡ ಕೇಕಿಗೆಲ್ಲ ಕಾಗದದ ಹೂವು. ಅವಳ ಕೇಕಿಗೆ ಇಪ್ಪತ್ತಾರು ಗುಲಾಬಿ ಮಾಡಿ, ಹಿಂದಿನ ದಿನವೇ ಫ್ರೆಶ್ ಕ್ರೀಮಿಗೆ ಅಂಟಿಸಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ನಿಶ್ಚಿತಾರ್ಥದ ಹಾಲ್‌ನಲ್ಲಿ ಡಬ್ಬ ಬಿಚ್ಚಿದರೆ ಇಪ್ಪತ್ತಾರೂ ಗುಲಾಬಿ ತಲೆ ಬಗ್ಗಿಸಿ ಕೂತಿದ್ದವು. ಗುಲಾಬಿ ಬಣ್ಣ ಬಿಳಿ ಕ್ರೀಮಿನ ಮೇಲೆ ಸಣ್ಣ ಸಣ್ಣ ಗೆರೆಯಾಗಿ ಇಳಿಯುತ್ತಿತ್ತು. ಹಿಂದಿನಿಂದ ಯಾರೋ, “ಕೇಕಿಗೆ ಶೀತ ಆಯ್ತ್ ಕಾಣಿ,” ಅಂದರು. ಎಲ್ಲರೂ ನಕ್ಕರು. ನಗದವರು ಒಬ್ಬರೇ, ಹುಡುಗಿಯ ಅಮ್ಮ. ಅವರು ನಿವೃತ್ತ ಟೀಚರು. ನನ್ನನ್ನು ಬೈಯಲಿಲ್ಲ. ಬ್ಯಾಗಿನಿಂದ ಕರವಸ್ತ್ರ ತೆಗೆದು, ಕೇಕಿನ ಹಲಗೆಗೆ ಇಳಿದಿದ್ದ ಬಣ್ಣವನ್ನು ಅಂಚಿನುದ್ದಕ್ಕೂ ಒರೆಸಿ, ಕರವಸ್ತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರ ಆಗುತ್ತಿದ್ದೆ, ನನ್ನ ಬಾಯಿಯೇನು ಕಡಿಮೆಯದ್ದಲ್ಲ.

ಈಗ ಅದೇ ಹುಡುಗಿ ಫೋನಿನಲ್ಲಿ ಹೇಳುತ್ತಿದ್ದಾಳೆ: “ಮದಿ ಕೇಕೂ ನೀವೇ ಮಾಡ್ಕ್.”

“ತಲೆ ಸಮ ಇತ್ತಾ ನಿಂಗೆ?” ಅಂದೆ.

“ಅವತ್ತ್ ಕೇಕ್ ಹಾಳಾದ್ದ್ ನಂಗೆ ಬೇಜಾರಿಲ್ಲೆ ಅಕ್ಕಾ. ಕೈ ತೊಳುವಲ್ಲಿ ನಿಂತ್ಕಂಡ್ ನೀವ್ ಮರ್ಕ್ತಾ ಇದ್ರಿಯಲ್ದಾ, ಅದ್ ಕಂಡ್ ಬೇಜಾರಾಯ್ತ್.”

ನಾನು ಅತ್ತದ್ದನ್ನು ಯಾರೂ ಕಂಡಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಮದುವೆ ಜುಲೈಯ ಕೊನೆಯ ಶನಿವಾರ. “ಆಸಾಡಿಯಲ್ಲಾ?” ಅಂದದ್ದಕ್ಕೆ, “ನಮ್ಗೆ ಆಸಾಡಿ ಇಲ್ಲೆ, ಈಸ್ಟರಿಗೆ ಮೊದ್ಲಿನ ತಪಸ್ಸುಕಾಲ ಮಾತ್ರ ಆತಿಲ್ಲೆ,” ಅಂತ ನಕ್ಕಳು. ಹುಡುಗನಿಗೆ ಕುವೈತಿನಿಂದ ರಜೆ ಸಿಕ್ಕುವುದು ಆಗಲೇ. ಗುಲಾಬಿ ಬೇಡ, ಸುರಗಿ ಬೇಕು. ಸುರಗಿ ಮುಡಿದು ಮದುವೆಯಾಗಬೇಕೆಂದು ಅವಳಿಗೆ ಸಣ್ಣದಿರುವಾಗಿಂದ ಆಸೆಯಂತೆ. ಆದರೆ ಸುರಗಿ ಬಿಡುವುದು ಬೇಸಿಗೆ ಶುರುವಿನಲ್ಲಿ, ಜುಲೈಯಲ್ಲಿ ಎಲ್ಲಿಂದ ತರುವುದು? “ತಲೆಗಿಲ್ದಿದ್ರೆ ಕೇಕಿಗಾರೂ ಇರ್ಲಿ” ಅಂದಳು. ಕೊನೆಗೆ ಮೆಲ್ಲ ಇನ್ನೊಂದು ಮಾತು ಸೇರಿಸಿದಳು. ಕೇಕು ಉಡುಪಿಯಿಂದ ಬರುತ್ತದೆಂದು ಅಮ್ಮನಿಗೆ ಹೇಳಿದ್ದಾಳೆ. ನನ್ನ ಹೆಸರು ಹೇಳಿದರೆ ಅವರು ಬಿಡುವವರಲ್ಲ.

“ಕೇಕ್ ಸರಿ ಬಂದ್ರೆ ಅಮ್ಮನಿಗೆ ನಾನೇ ಹೇಳ್ತೆ.”

“ಬರ್ದಿದ್ರೆ?”

“ಬರ್ದಿದ್ರೆ ಮದಿ ದಿನ ಬೈಸ್ಕಂತೆ, ಎಂತ ಮಾಡುದ್!”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಹೆಸರು ಹೇಗೂ ಮೇ ತಿಂಗಳಲ್ಲೇ ಹೋಗಿತ್ತು, ಇನ್ನು ಹೋಗಲಿಕ್ಕೆ ಏನೂ ಇರಲಿಲ್ಲ. ಆದರೆ ಇನ್ನೊಂದು ಸಲ ಹೂವು ಕರಗಿದರೆ ಎರಡೂ ಮನೆಯವರ ಎದುರು, ಮದುವೆಯ ಸೀರೆಯಲ್ಲಿ, ತಲೆ ತಗ್ಗಿಸುವವಳು ಅವಳು. ಅಷ್ಟು ಗೊತ್ತಿದ್ದೂ ಹೂಂ ಅಂದೆ. ಗೋಣಿ ಬಿಚ್ಚಿ ಎಲ್ಲ ವಾಪಸು ಹೊರಗೆ ಇಟ್ಟೆ.

ನಮ್ಮ ಮನೆ ಬಾರ್ಕೂರಿನಲ್ಲಿ, ಹೊಳೆಗೆ ಹತ್ತಿರ. ಮಳೆಗಾಲದಲ್ಲಿ ಗೋಡೆಗೆ ಬೆನ್ನು ತಾಗಿಸಿದರೆ ರವಕೆ ತಣ್ಣಗಾಗುತ್ತದೆ. ಅಂಥಲ್ಲಿ ಈ ಕಾಗದ. ವೇಫರ್ ಪೇಪರ್ ಅಂದರೆ ಆಲೂಗಡ್ಡೆಯ ಹಿಟ್ಟನ್ನು ನೀರಲ್ಲಿ ಕದಡಿ, ಬಿಸಿ ತಗಡಿನ ಮೇಲೆ ತೆಳ್ಳಗೆ ಒಣಗಿಸಿದ್ದು. ಒಂದು ಬದಿ ನುಣುಪು, ಇನ್ನೊಂದು ಬದಿ ಸ್ವಲ್ಪ ತರಿ. ರುಚಿ ಇಲ್ಲ, ವಾಸನೆ ಇಲ್ಲ. ಒಣಗಿದ್ದರೆ ಹಲ್ಲಿಗೆ ಕರುಂ ಅನ್ನುತ್ತದೆ. ಒಂದು ಹನಿ ನೀರು ಬಿತ್ತೋ, ಅಲ್ಲಿಗೆ ತೂತು. ನನ್ನ ಹಾಳೆಗಳು ಮುಂಬೈಯಿಂದ ಕೊರಿಯರಿನಲ್ಲಿ ಬರುತ್ತಿದ್ದವು. ಆ ಸಲದ ಕಟ್ಟು ಬಿಚ್ಚುವಾಗ ಪಕ್ಕದಲ್ಲಿ ನಿಂತಿದ್ದ ನಮ್ಮತ್ತೆ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದು, “ಇದೆಂತ, ಚಂಡಿ ಆಯ್ತಲೆ!” ಅಂದರು. ಒದ್ದೆ ಹೌದು. ಹಾಳೆಯ ಅಂಚೆಲ್ಲ ಮೇಲಕ್ಕೆ ಸುರುಟಿಕೊಂಡಿತ್ತು.

ನಮ್ಮತ್ತೆಗೆ ಆಗ ಎಪ್ಪತ್ತೆರಡು. ಅವರ ಹಲಸಿನಕಾಯಿ ಹಪ್ಪಳಕ್ಕೆ ಬಾರ್ಕೂರಿನಲ್ಲಿ ಹೆಸರಿದೆ. ನನ್ನ ಕೇಕಿನ ವಿದ್ಯೆ ಅವರಿಗೆ ಶುರುವಿನಿಂದಲೂ ತಮಾಷೆ. “ಕಾಗ್ದ ತಿಂಬುಕೆ ನಾನೆಂತ ದನವಾ?” ಅಂದು ಇದುವರೆಗೆ ಒಂದು ದಳ ಬಾಯಿಗೆ ಹಾಕಿದವರಲ್ಲ. ಬಣ್ಣ ಕಲಸುವುದಕ್ಕೆ ನೀರು ಆಗುವುದಿಲ್ಲ, ವೋಡ್ಕಾ ಬೇಕು, ಅದು ಬೇಗ ಆರಿಹೋಗುತ್ತದೆ. ನನ್ನ ಗಂಡ ಕುಂದಾಪುರದಿಂದ ಪೇಪರಿನಲ್ಲಿ ಸುತ್ತಿ ಒಂದು ಕ್ವಾರ್ಟರ್ ತಂದುಕೊಟ್ಟರೆ ಅತ್ತೆ ಬಾಟ್ಲಿ ಕಂಡು, “ಅವ್ನಿಗಂತೂ ಆಯ್ತ್, ಈಗ ಹೂಗಿಗೂ ಕುಡ್ಸ್ತ್ಯಾ?” ಅಂದರು. ನನಗೆ ರೇಗಿ ಬಾಗಿಲು ಹಾಕಿಕೊಂಡೆ.

ಸುರಗಿಗೆ ನಾಲ್ಕು ಬಿಳಿ ದಳ, ನಡುವೆ ಒತ್ತೊತ್ತಾಗಿ ಹಳದಿ ಕೇಸರ. ನಿಜದ್ದಕ್ಕಿಂತ ಎರಡು ಪಾಲು ದೊಡ್ಡದು ಮಾಡುವುದೆಂದು ಲೆಕ್ಕ ಹಾಕಿದೆ. ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ, ವೋಡ್ಕಾದಲ್ಲಿ ಕಲಸಿದ ಹಳದಿ ಬಳಿದು, ಆರಿದ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣಗೆ ಕತ್ತರಿಸಬೇಕು. ಬುಡ ಬಿಟ್ಟು ಕತ್ತರಿಸಿ ಸುತ್ತಿದರೆ ಕೇಸರದ ಗೊಂಡೆ ಆಗುತ್ತದೆ. ದಳಗಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು ಕೆಟಲಿನ ಹಬೆಗೆ ಎರಡೆಣಿಸುವಷ್ಟು ಹೊತ್ತು ತೋರಿಸಬೇಕು. ಮೂರು ಎಣಿಸಿದರೆ ಮುಗಿಯಿತು, ಕೈಯಲ್ಲಿ ಅಂಟು ಮಾತ್ರ. ಮೆತ್ತಗಾದ ದಳವನ್ನು ಕುಳಿಯ ಆಕಾರದಲ್ಲಿ ಒಣಗಲು ಬಿಡಬೇಕು. ಅದಕ್ಕೆ ಪೇಟೆಯಲ್ಲಿ ಬೇರೆಯೇ ಅಚ್ಚು ಸಿಗುತ್ತದೆ. ನಾನು ಗುಳಿಯಪ್ಪದ ಕಾವಲಿ ಇಟ್ಟುಕೊಂಡೆ. ಹಳೆಯ ಎಣ್ಣೆಯ ಪಸೆ ದಳಕ್ಕೆ ಹತ್ತದಂತೆ ಕುಳಿಗಳಿಗೆಲ್ಲ ಕಾರ್ನ್‌ಫ್ಲೋರ್ ಉದುರಿಸಿದೆ. ಕಾವಲಿಯಲ್ಲಿ ಹನ್ನೆರಡು ಕುಳಿ, ಅಂದರೆ ಒಂದು ಸಲಕ್ಕೆ ಮೂರು ಹೂವು.

ಹನ್ನೊಂದು ದಿನ ಕೂತು ನೂರ ಇಪ್ಪತ್ತು ಹೂವು ಮಾಡಿದೆ. ಎಷ್ಟು ದಳ ಹಾಳಾದವು ಕೇಳಬೇಡಿ. ನನ್ನ ಅಂಗೈ ಬೆವರುತ್ತದೆ. ಹಿಡಿದಲ್ಲೆಲ್ಲ ಬೆರಳಿನ ಗುರುತು, ಗುರುತಿದ್ದಲ್ಲಿ ತೂತು. ಗ್ಲೌಸು ಹಾಕಿದರೆ ಕಾಗದ ರಬ್ಬರಿಗೆ ಹಿಡಿಯುತ್ತಿತ್ತು. “ಹಾಳು ಮಳೆ, ಈ ಹವೆಯಲ್ಲಿ ಎಂತ ಮಾಡಲಿಕ್ಕಾಗುತ್ತದೆ!” ಅಂತ ಕೂಗಾಡಿದರೆ ಒಳಗಿನಿಂದ ಅತ್ತೆಯ ಸ್ವರ: “ಕುಣಿಯುಕಾಗ್ದವ್ಳ್ ಅಂಗಳ ಡೊಂಕ್ ಅಂದ್ಳಂಬ್ರ್.”

ಇಡುವ ವಿಷಯದಲ್ಲಿ ನಾನು ಬಹಳ ಜಾಗ್ರತೆ ಮಾಡಿದೆ ಅಂದುಕೊಂಡಿದ್ದೆ. ಮಂಗಳೂರಿನಲ್ಲಿ ಕಲಿಸಿದ ಮೇಡಂ ಹೇಳಿದ್ದು ಎರಡೇ ಮಾತು: ಗಾಳಿ ಹೋಗದ ಡಬ್ಬಿ, ಬಿಸಿಲು ಬೇಡ. ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದೆ. ಚಪ್ಪಲಿಯ ಬಾಕ್ಸಿನಲ್ಲಿ, ಮಾತ್ರೆಯ ಬಾಟ್ಲಿಯಲ್ಲಿ ಬರುವ ಸಣ್ಣ ಪೊಟ್ಟಣಗಳನ್ನು ವರ್ಷಗಟ್ಟಲೆ ಕೂಡಿಟ್ಟಿದ್ದೆ, ತೇವ ಹೀರುತ್ತವಲ್ಲ, ಅವನ್ನು ಹತ್ತು ಹದಿನೈದು ಒಳಗೆ ಹಾಕಿದೆ. ಮುಚ್ಚಳದ ಸುತ್ತ ಟೇಪು ಸುತ್ತಿದೆ. ಮೇಡಂ ಕಲಿಸಿದ್ದು ಎಸಿ ರೂಮಿನಲ್ಲಿ ಅನ್ನುವುದು, ಆ ಪೊಟ್ಟಣಗಳು ನಮ್ಮ ಮನೆಯ ಡ್ರಾವರಿನಲ್ಲಿ ಮೂರು ಮಳೆಗಾಲ ಕುಡಿದು ತುಂಬಿಕೊಂಡಿದ್ದವು ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ.

ಮದುವೆಯ ವಾರ, ಭಾನುವಾರ ಬೆಳಿಗ್ಗೆ ಕೇಕಿನ ಹಲಗೆ, ಕಂಬ ತರಲಿಕ್ಕೆ ಮಂಗಳೂರಿಗೆ ಹೋದೆ. ಅಕ್ಕನ ಮನೆಯಲ್ಲಿ ಉಳಿದು ಮಂಗಳವಾರ ಮಧ್ಯಾಹ್ನ ಬಾರ್ಕೂರಿಗೆ ಇಳಿದೆ. ನನ್ನ ಕೋಣೆಗೆ ಹೋದರೆ ಡಬ್ಬಿಯ ಟೇಪು ಬಿಚ್ಚಿದೆ. ಮುಚ್ಚಳ ಓರೆಯಾಗಿದೆ. ಒಳಗೆ ಹೂವಿಲ್ಲ.

“ಅತ್ತೇ!” ಎಂದು ನಾನು ಕೂಗಿದ್ದು ಹೊಳೆಯಾಚೆಗೆ ಕೇಳಿರಬೇಕು.

ಅವರು ಬಚ್ಚಲ ಒಲೆಯ ಹತ್ತಿರ ಕೂತಿದ್ದರು. “ಬೊಬ್ಬಿ ಹೊಡಿಬೇಡ. ಮೇಲಿತ್ತ್,” ಎಂದು ಒಲೆಯ ಮೇಲಿನ ಅಟ್ಟ ತೋರಿಸಿದರು.

ಸೌದೆಯೊಲೆ ಇರುವ ಮನೆಯವರಿಗೆ ಆ ಅಟ್ಟ ಗೊತ್ತು. ಮಳೆಗಾಲದಲ್ಲಿ ಬೆಂಕಿಪೊಟ್ಟಣ, ಹುಣಸೆಹಣ್ಣು, ಹಪ್ಪಳ, ಯಾವುದು ಒಣಗಿರಬೇಕೋ ಎಲ್ಲಕ್ಕೂ ಅದೇ ಜಾಗ. ನಾನು ಹೋದ ಮರುದಿನ ಕರೆಂಟು ಹೋಗಿ ಇಡೀ ದಿನ ಬಂದಿರಲಿಲ್ಲವಂತೆ, ಫ್ಯಾನಿಲ್ಲದೆ ಕೋಣೆಯೆಲ್ಲ ತೇವ. ಕೋಣೆ ಗುಡಿಸಲು ಹೋದ ಅತ್ತೆ ನನ್ನ ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ನೀರಿನ ಹನಿ ಕಂಡರು. ಹಪ್ಪಳದ ಡಬ್ಬಿ ಬೆವರಿದರೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಹೂವನ್ನೆಲ್ಲ ಬಿದಿರಿನ ಗೆರಸಿಯಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಹೊದೆಸಿ, ಅಟ್ಟಕ್ಕೆ ಏರಿಸಿದರು.

ಏಣಿ ಹತ್ತಿ ಗೆರಸಿ ಇಳಿಸಿದೆ. ಹೂವುಗಳು ಹೇಗಿದ್ದವು ಅಂದರೆ, ನಾನು ಮಾಡಿದ್ದಕ್ಕಿಂತ ಚೆನ್ನಾಗಿದ್ದವು. ದಳ ಒಂದೂ ಬಗ್ಗಿರಲಿಲ್ಲ, ಉಗುರಿನಿಂದ ತಟ್ಟಿದರೆ ಟಕ್ ಅನ್ನುತ್ತಿತ್ತು. ಸಂತೋಷದಲ್ಲಿ ಒಂದನ್ನು ಮೂಗಿನ ಹತ್ತಿರ ತಂದೆ. ತೆಂಗಿನ ಸಿಪ್ಪೆಯ ಹೊಗೆ. ಹೊಗೆಯ ಹಿಂದೆಯೇ ಒಣಗಿಸಿದ ಚಟ್ಲಿ ಮೀನು, ಅದರ ಡಬ್ಬಿಯೂ ಅದೇ ಅಟ್ಟದ ಮೂಲೆಯಲ್ಲಿ ಇತ್ತು. ಇನ್ನೊಂದು ಮೂಸಿದೆ, ಮತ್ತೊಂದು ಮೂಸಿದೆ. ನೂರ ಹದಿನೆಂಟು ಹೂವಿಗೂ ಅದೇ ವಾಸನೆ.

ನಾನು ಏನೆಲ್ಲ ಅಂದೆ ಎಂದು ಬರೆಯಲಿಕ್ಕೆ ಈಗ ನಾಚಿಕೆಯಾಗುತ್ತದೆ. “ನಿಮ್ಗೆ ಯಾರ್ ಮುಟ್ಟುಕೆ ಹೇಳಿದ್ದ್? ಹಪ್ಪಳ ಒಂದೇ ಗೊತ್ತಿಪ್ಪುದ್ ನಿಮ್ಗೆ!” ಅಂದದ್ದು ನೆನಪಿದೆ. ಯಾವಾಗಲೂ ಒಂದಕ್ಕೆ ಎರಡು ಹೇಳುವ ಅತ್ತೆ ಎದ್ದು ಜಗಲಿಗೆ ಹೋಗಿ ಕೂತರು.

ಸಿಟ್ಟಿನಲ್ಲಿ ಆ ಪ್ಲಾಸ್ಟಿಕ್ ಡಬ್ಬಿಯನ್ನು ಹೊರಗೆ ಎಸೆಯಲು ಎತ್ತಿದೆ. ತಳದಲ್ಲಿ, ಪೊಟ್ಟಣಗಳ ಸಂದಿಯಲ್ಲಿ, ಅತ್ತೆಯ ಕಣ್ಣಿಗೆ ಬೀಳದೆ ಉಳಿದ ಎರಡು ಹೂವು ಇದ್ದವು. ಹೂವೆಂದರೆ ಹೂವಲ್ಲ. ಬಿಳಿ ಅಂಟು, ನಡುವೆ ಹಳದಿ ಕಲೆ. ಬೆರಳಿಟ್ಟರೆ ನೂಲು ಬಂತು. ಅತ್ತೆ ಮುಟ್ಟದೆ ಬಿಟ್ಟಿದ್ದರೆ ನೂರ ಇಪ್ಪತ್ತೂ ಇದೇ ಆಗಿರುತ್ತಿತ್ತು. ಡಬ್ಬಿ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕೂತೆ. ಹೂವು ಕೊಂದದ್ದು ನನ್ನ ಡಬ್ಬಿ. ಮೇ ತಿಂಗಳಲ್ಲಿ ಗುಲಾಬಿ ಕೊಂದದ್ದೂ ಮಳೆಯಲ್ಲ, ಹವೆಯಲ್ಲ, ನಾನೇ.

ಮದುವೆಗೆ ಉಳಿದದ್ದು ಮೂರೂವರೆ ದಿನ. ಹೊಗೆಯ ಹೂವನ್ನೇ ಇಟ್ಟುಬಿಡುವುದಾ? ದೂರದಿಂದ ಕಂಡವರಿಗೆ ವಾಸನೆ ಬರುವುದಿಲ್ಲ. ಮೇಲೆ ಒಂಚೂರು ವೆನಿಲ್ಲಾ ಎಸೆನ್ಸ್ ಹನಿಸಿದರೆ ಅಡಗಬಹುದು. ಯಾರು ಹೂವು ತಿನ್ನುತ್ತಾರೆ ಮಹಾ? ಈ ಯೋಚನೆಯೆಲ್ಲ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ತಿನ್ನುವ ಹೂವು ಅಂತ ಹೇಳಿ ತಿನ್ನಲಾಗದ್ದನ್ನು ಕೊಡುವುದಾದರೆ ಪೇಟೆಯ ಪ್ಲಾಸ್ಟಿಕ್ ಹೂವೇ ಸಾಕಿತ್ತು. ಕೈ ಕಾಲು ತೊಳೆದು ಹುಡುಗಿಗೆ ಫೋನು ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಬುಧವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಬಂದಳು. ಮದುವೆಯ ಹುಡುಗಿ, ಮನೆಯಲ್ಲಿ ನೂರು ಕೆಲಸ, ಅಮ್ಮನಿಗೆ ಬ್ಯೂಟಿ ಪಾರ್ಲರು ಅಂತ ಹೇಳಿ ಬಂದಿದ್ದಳು. ಗೆರಸಿ ಮುಂದಿಟ್ಟೆ. ಒಂದನ್ನು ಎತ್ತಿ ಮೂಸಿ, ಕೆಳಗಿಟ್ಟಳು.

“ಇದ್ ಆತಿಲ್ಲೆ ಅಕ್ಕಾ. ಅಮ್ಮನ ಮೂಗ್ ಎಂಥದ್ದ್ ನಿಮ್ಗೆ ಗೊತ್ತಿಲ್ಲೆ.”

“ಗೊತ್ತಿತ್ತ್. ಬೇರೆಯವ್ರಿಗೆ ಹೇಳುದಾರೆ ಈಗ್ಲೇ ಹೇಳ್. ನಂಗ್ ಬೇಜಾರಿಲ್ಲೆ.”

“ಶುಕ್ರವಾರದೊಳ್ಗೆ ಎಷ್ಟ್ ಆತ್ತ್?”

ಲೆಕ್ಕ ಹಾಕಿದೆ. “ನಲ್ವತ್ತ್. ಅದೂ ಒಂದೂ ಹಾಳಾಗ್ದಿದ್ರೆ.”

“ನಲ್ವತ್ತ್ ಸಾಕ್. ಇನ್ನೆರ್ಡ್ ಮಾಡಿ, ಕುವೈತಿಗೆ ತಕಂಡ್ ಹೋತೆ. ಅಲ್ಲ್ ಮಳಿಯಿಲ್ಯಲೆ,” ಅಂದಳು. ಅಷ್ಟು ಹೇಳಿ ಗೆರಸಿಯ ಹೂವನ್ನು ಇನ್ನೊಂದು ಸಲ ಎತ್ತಿ ಮೂಸಿದಳು. ಹೆದರಿಕೆ ಅವಳಿಗೂ ಇತ್ತು. ಹೊರಡುವಾಗ ಜಗಲಿಯಲ್ಲಿ ಕೂತಿದ್ದ ಅತ್ತೆಯ ಹತ್ತಿರ, “ಅಜ್ಜೀ, ನಿಮ್ ಹೂ ಲಾಯ್ಕಿತ್ತ್, ಹೊಗಿ ಮಾತ್ರ ಜಾಸ್ತಿ,” ಅಂದು ಕೊಡೆ ಬಿಚ್ಚಿಕೊಂಡು ಹೋದಳು.

ಅವಳು ಹೋದ ಮೇಲೆ ನಾನು ಅತ್ತೆಯ ಮುಂದೆ ಹೋಗಿ ಕೂತೆ. ನನಗೆ ತಪ್ಪಾಯ್ತು ಅನ್ನಲು ಬರುವುದಿಲ್ಲ, ಹುಟ್ಟಿದ ಗುಣ. “ಹೊಗಿ ಇಲ್ದೆ ಅಟ್ಟದಷ್ಟ್ ಒಣಗ್ಸುಕೆ ಎಂತ ಮಾಡುದ್?” ಅಂತ ಕೇಳಿದೆ.

ಅವರು, “ಉಪ್ಪಿನ್ ಭರಣಿಗೆ ನಾನ್ ಎಂತ ಹಾಕುದ್, ಇಷ್ಟ್ ವರ್ಷದಲ್ ಕಾಣ್ಲಿಲ್ಯಾ?” ಅಂದರು.

ಹುರಿದ ಅಕ್ಕಿ. ದಿನಾ ಉಪ್ಪು ತೆಗೆಯುವಾಗ ಚಮಚಕ್ಕೆ ಸಿಕ್ಕುತ್ತಿತ್ತು, ಬದಿಗೆ ಸರಿಸಿ ಉಪ್ಪು ತೆಗೆಯುತ್ತಿದ್ದೆ.

ಅತ್ತೆ ಎದ್ದರು, ಸೆರಗು ಸಿಕ್ಕಿಸಿದರು. ಕುಚ್ಚಲಕ್ಕಿ ಆಗುವುದಿಲ್ಲ, ಅದಕ್ಕೆ ಅದರದ್ದೇ ವಾಸನೆ. ಬಿಳಿ ಬೆಳ್ತಿಗೆ ಅಕ್ಕಿಯೇ ಆಗಬೇಕು, ಅದೂ ತೊಳೆಯಬಾರದು. ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಕೆಂಪಾಗದ ಹಾಗೆ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುವವರೆಗೆ ಹುರಿದರು. ಹುರಿದದ್ದನ್ನು ಆರಲು ನಾನು ತಟ್ಟೆಗೆ ಸುರಿಯಲು ಹೋದೆ. ಕೈಗೆ ಒಂದು ಪೆಟ್ಟು ಬಿತ್ತು. “ಹೊರಗೆ ಆರ್ಸಿರೆ ಮತ್ತೆ ನೀರ್ ಕುಡಿತ್ತ್, ಮಾರಾಯ್ತಿ! ಡಬ್ಬಿಯಂಗೆ ಹಾಕಿ ಮುಚ್ಚ್, ಅಲ್ಲೇ ತಣೀಲಿ.” ಅಗಲದ ಸ್ಟೀಲ್ ಡಬ್ಬಿ ನಾಲ್ಕು ತೆಗೆದೆವು. ತಳಕ್ಕೆ ಎರಡು ಬೆರಳು ದಪ್ಪ ಅಕ್ಕಿ, ಮುಚ್ಚಳ ಹಾಕಿಯೇ ತಣಿಸುವುದು. ತಣಿದ ಮೇಲೆ ಬೇಗ ತೆರೆದು, ಅಕ್ಕಿಯ ಮೇಲೆ ತೆಳು ಬಟ್ಟೆ, ಬಟ್ಟೆಯ ಮೇಲೆ ಹೂವು, ಒಂದಕ್ಕೊಂದು ತಾಗದಂತೆ. ದಿನಾ ಬೆಳಿಗ್ಗೆ ಅಕ್ಕಿ ಬದಲು.

ಡಬ್ಬಿಗಿಂತ ದೊಡ್ಡ ವಿಷಯ ಕೈ. ದಳ ಹಬೆಗೆ ಹಿಡಿಯುವುದು ನಾನು, ಕುಳಿಗೆ ಕೂರಿಸುವುದು ಅವರು ಅಂತ ಮಾಡಿಕೊಂಡೆವು. ಐವತ್ತು ವರ್ಷ ಹಪ್ಪಳದ ಹಿಟ್ಟು ಮುಟ್ಟಿದ ಅಂಗೈ, ಬೆವರೆಂಬುದೇ ಇಲ್ಲ, ಮುಟ್ಟಿದರೆ ಒಣ ಹಲಗೆ. ಅವರು ಹಿಡಿದ ದಳದ ಮೇಲೆ ಒಂದು ಗುರುತಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಹೇಳಿಯೂಬಿಟ್ಟೆ. “ನಿನ್ ಕೈಯಂಗೆ ನೀರಿತ್ತ್, ಬಾಯಂಗೆ ಬೆಂಕಿಯಿತ್ತ್. ತಿರ್ಗಾಮುರ್ಗಾ ಆಯ್ಕಿತ್ತ್,” ಅಂದರು. ಆ ಮೂರು ದಿನ ನಾವಿಬ್ಬರೂ ಮಾತಾಡಿದಷ್ಟು ಅದರ ಹಿಂದಿನ ಇಪ್ಪತ್ತು ವರ್ಷದಲ್ಲಿ ಮಾತಾಡಿರಲಿಲ್ಲ.

ನಡುವೆ ಚಾ ಕುಡಿಯುವಾಗ ಅವರು ಗೆರಸಿಯಿಂದ ಒಂದು ಹೊಗೆ ಸುರಗಿ ಎತ್ತಿ ಬಾಯಿಗೆ ಹಾಕಿಕೊಂಡರು. ನಾನು ಬಾಯಿ ಬಿಟ್ಟುಕೊಂಡು ಕಂಡೆ.

“ಬಿಸಾಡುದ್ ಎಂತಕೆ? ನಂಗೆ ಹೊಗಿ ಹೊಸ್ತಾ?” ಅಂದು ಇನ್ನೊಂದು ಎತ್ತಿದರು. “ಸಪ್ಪೆ. ಒಂದ್ಚೂರ್ ಮೆಣ್ಸಿನ ಹುಡಿ ಬೇಕಿತ್ತ್.”

ಕೇಕಿಗೆ ಈ ಸಲ ಕ್ರೀಮಿನ ಸುದ್ದಿಯೇ ಇಲ್ಲ. ಹಣ್ಣು, ರಮ್ಮು ಹಾಕಿದ ಮೂರು ಅಂತಸ್ತಿನ ಕೇಕು, ಮೇಲೆ ಗೋಡಂಬಿ ಹಿಟ್ಟಿನ ಪದರ, ಅದರ ಮೇಲೆ ಗಟ್ಟಿಯಾಗಿ ಒಣಗುವ ಬಿಳಿ ಸಕ್ಕರೆ ಐಸಿಂಗು. ಒಣ ಮೈಯ ಮೇಲೆ ಒಣ ಹೂವು. ಸುತ್ತಲೂ ಹೂವು ಸುರಿಯುವ ಮೊದಲಿನ ಆಲೋಚನೆ ಬಿಟ್ಟು, ಮೇಲಿಂದ ಕೆಳಕ್ಕೆ ಒಂದೇ ಸಾಲು, ದಂಡೆ ಕಟ್ಟಿ ಇಳಿಬಿಟ್ಟ ಹಾಗೆ ಮಾಡುವುದೆಂದು ತೀರ್ಮಾನಿಸಿದೆ. ಇನ್ನೊಂದನ್ನೂ ತೀರ್ಮಾನಿಸಿದೆ. ಹೂವು ಮನೆಯಲ್ಲಿ ಅಂಟಿಸುವುದಿಲ್ಲ, ಮದುವೆಯ ಹಾಲಿನಲ್ಲಿ ಮೊದಲೇ ಅಂಟಿಸುವುದೂ ಇಲ್ಲ. ಮದುಮಕ್ಕಳು ಬಾಗಿಲಿಗೆ ಬಂದ ಮೇಲೆಯೇ ಡಬ್ಬಿ ತೆರೆಯುವುದು.

ಶನಿವಾರ ಹೊರಡುವಾಗ ಅತ್ತೆ ರೇಷ್ಮೆಯ ಪಟ್ಟೆ ಸೀರೆ ಉಟ್ಟು ಓಮ್ನಿಯಲ್ಲಿ ಮುಂಚೆಯೇ ಕೂತಿದ್ದರು. “ನಿನ್ ಕೈ ಅಲ್ಲ್ ಬೆವ್ರ್‌ದೆ ಇರತ್ತಾ?” ಅಷ್ಟೇ ಹೇಳಿದ್ದು. ನನ್ನ ಗಂಡ ಗಾಡಿ ಬಿಟ್ಟರು. ಬಾರ್ಕೂರಿನಿಂದ ಬ್ರಹ್ಮಾವರದವರೆಗೂ ನಾವಿಬ್ಬರೂ ಎರಡೆರಡು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆವು.

ಹಾಲಿನ ಎರಡೂ ಬದಿ ತೆರೆದದ್ದು, ಮಳೆಯ ಇರಚಲು ಕುರ್ಚಿಗಳವರೆಗೆ ಬರುತ್ತಿತ್ತು. ವೇದಿಕೆಯ ಪಕ್ಕದ ಮೇಜಿನ ಮೇಲೆ ಕೇಕು ಕೂರಿಸಿ, ಮೇಜಿನ ಮೂಲೆಯಲ್ಲಿ ಒಂದು ಬಿಡಿ ದಳ ಇಟ್ಟು ಗಡಿಯಾರ ಕಂಡೆ. ಮೂವತ್ತೈದು ನಿಮಿಷಕ್ಕೆ ದಳದ ತುದಿ ಬಗ್ಗಿತು. ಅಂದರೆ ನನ್ನ ಹತ್ತಿರ ಇದ್ದದ್ದು ಅಷ್ಟು ಹೊತ್ತು, ಅದರೊಳಗೆ ಕೇಕು ಕತ್ತರಿಸಿ ಆಗಬೇಕು.

ಚರ್ಚಿನಿಂದ ಎಲ್ಲರಿಗಿಂತ ಮೊದಲು ಬಂದವರು ಹುಡುಗಿಯ ಅಮ್ಮ. ಬಂದವರೇ ಕೇಕಿನ ಹತ್ತಿರ ಬಂದರು. ನನ್ನನ್ನು ಕಂಡು ನಿಂತರು.

“ನೀವಾ?”

“ಹೌದು ಟೀಚರ್.”

ಕೇಕು ಕಂಡರು. ಬಿಳಿ ಮೂರು ಅಂತಸ್ತು, ಮೇಲೆ ಒಂದು ಹೂವಿಲ್ಲ. “ಇದಕ್ಕೆ ಹೂವಿಲ್ಲವಾ?”

“ಡಬ್ಬಿಯಲ್ಲಿದೆ. ಅವರು ಬಂದ ಮೇಲೆ ಇಡ್ತೇನೆ.”

“ಜನ ಬರ್ತಾ ಇದ್ದಾರೆ. ಬೋಳು ಕೇಕು ಕಂಡು ಏನೆಂದಾರು? ಈಗಲೇ ಇಡಿ.”

“ಈಗ ಇಟ್ಟರೆ ಮೇ ತಿಂಗಳದ್ದೇ ಆಗುತ್ತದೆ ಟೀಚರ್. ಈಗ ಇಡುವುದಿಲ್ಲ.”

ನನ್ನ ಸ್ವರ ಗಟ್ಟಿಯೇ ಬಂತು. ಅವರು ತಗ್ಗಿದ ಸ್ವರದಲ್ಲಿ ಕೇಳಿದರು: “ಉಡುಪಿಯಿಂದ ಅಂದಿದ್ದಳು. ಅವಳು ನನಗೆ ಸುಳ್ಳು ಹೇಳಿದಳಾ?”

“ಹೇಳಿದಳು. ನನಗೋಸ್ಕರ.”

ಅವರು ಒಂದು ಕುರ್ಚಿ ಎಳೆದು ಕೇಕಿನ ಪಕ್ಕದಲ್ಲೇ ಕೂತರು. ಮದುಮಕ್ಕಳು ಫೋಟೋ, ಮಳೆ ಅಂತ ಮತ್ತೂ ಮುಕ್ಕಾಲು ಗಂಟೆ ತಡ ಮಾಡಿದರು. ಬಂದ ನೆಂಟರೆಲ್ಲ ಬೋಳು ಕೇಕನ್ನು ಕಂಡು, ಟೀಚರ ಮುಖ ಕಂಡು, ಆಚೆ ಹೋದರು. ನಾನು ಎರಡು ಸಲ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಎರಡು ಸಲವೂ ಅತ್ತೆ ಮುಚ್ಚಳದ ಮೇಲೆ ಕೈ ಇಟ್ಟರು.

ಕಾರಿನ ಹಾರ್ನು, ಹಿಂದೆಯೇ ಬ್ಯಾಂಡು. ಡಬ್ಬಿ ತೆರೆದೆವು. ನಾನು ಐಸಿಂಗಿನ ಒಂದು ಚುಕ್ಕೆ ಇಟ್ಟು ಜಾಗ ತೋರಿಸುವುದು, ಅತ್ತೆ ತಮ್ಮ ಒಣ ಬೆರಳಲ್ಲಿ ಹೂವು ತಂದು ಕೂರಿಸುವುದು. ಒಂದು, ಎರಡು, ಮೂರು. ಮದುಮಕ್ಕಳ ಮುಂದೆ ನಡೆಯುವ ಜೋಡಿಗಳು ಬಾಗಿಲಿನಲ್ಲಿ ಸಾಲು ನಿಲ್ಲುವಷ್ಟರಲ್ಲಿ ಇಪ್ಪತ್ತಾಗಿತ್ತು. ಮೈಕಿನವನು ಹೆಸರು ಕರೆದು, ಅವರು ಹೆಜ್ಜೆ ಹಾಕುತ್ತ ನಡುವಿಗೆ ಬರುವಾಗ ಮೂವತ್ತೆರಡು. ಹುಡುಗಿ ವೇದಿಕೆ ಹತ್ತುವಾಗ ನಲವತ್ತನೆಯದನ್ನು ಅತ್ತೆ ಎಲ್ಲಕ್ಕಿಂತ ಮೇಲೆ ಇಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು ಹಿಂದೆ ಸರಿದರು. ಎಲ್ಲ ಸೇರಿ ಹದಿಮೂರು ನಿಮಿಷ.

ಹುಡುಗಿ ಕೇಕು ಕಂಡಳು, ಆಮೇಲೆ ಪಕ್ಕದಲ್ಲಿದ್ದ ಅಮ್ಮನನ್ನು. ಕತ್ತರಿಸಿ ಆದ ಮೇಲೆ ಮೊದಲ ತುತ್ತು ಗಂಡನಿಗೆ ಕೊಟ್ಟಳು. ಎರಡನೆಯ ಸಲಕ್ಕೆ ಕೇಕು ಮುಟ್ಟಲಿಲ್ಲ. ಮೇಲಿನ ಸುರಗಿಯನ್ನು ಕಿತ್ತು ಅಮ್ಮನ ಬಾಯಿಗೆ ಹಿಡಿದಳು. ಟೀಚರು ಅದನ್ನು ಕೈಗೆ ತೆಗೆದುಕೊಂಡು, ಮೊದಲು ಮೂಸಿದರು. ಆಮೇಲೆ ಬಾಯಿಗೆ ಹಾಕಿಕೊಂಡರು. ಬ್ಯಾಂಡಿನ ಗದ್ದಲದಲ್ಲಿ ಏನು ಕೇಳುತ್ತದೆ? ನಾನು ಅವರ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಅತ್ತೆ ನೋಡುತ್ತಿದ್ದದ್ದು ದವಡೆಯನ್ನು.

“ಮುರೀತ್,” ಅಂದರು ಅತ್ತೆ. “ಹಲ್ಲಡಿಗೆ ಲಾಯ್ಕ್ ಮುರೀತ್.”

ತಲೆಯೆತ್ತಿದೆ. ಟೀಚರು ಅವತ್ತಿನ ಹಾಗೆಯೇ ಇವತ್ತೂ ಬ್ಯಾಗಿನಿಂದ ಕರವಸ್ತ್ರ ತೆಗೆದರು. ಅವರು ಅದರಲ್ಲಿ ಬೆರಳು ಒರೆಸಿಕೊಂಡು, ಒಣಗಿದ ಬೆರಳಲ್ಲಿ ಕೇಕಿನಿಂದ ಇನ್ನೊಂದು ಹೂವು ತಾವೇ ತೆಗೆದು ಬಾಯಿಗೆ ಹಾಕಿಕೊಂಡರು.

ಜನ ಊಟಕ್ಕೆ ಏಳುವಾಗ ಹುಡುಗಿ ಆ ಉದ್ದದ ಬಿಳಿ ಸೀರೆ ಎತ್ತಿಕೊಂಡು ನಮ್ಮ ಹತ್ತಿರ ಬಂದಳು. “ಅಕ್ಕಾ, ಇವತ್ತ್ ಮರ್ಕುದಿದ್ರೆ ನಾನ್ ಮರ್ಕ್ತೆ. ನೀವಲ್ಲ,” ಅಂದು ನನ್ನ ಹೆಗಲು ಹಿಡಿದಳು. ನಾನು ಅವಳಿಗೆ ಕೊಡಬೇಕೆಂದು, ಕುವೈತಿನ ಎರಡು ಹೂವಿದ್ದ ಡಬ್ಬಿಯನ್ನು ತೆರೆದು ಹಿಡಿದಿದ್ದೆ. ಬೇಡ ಬೇಡ ಅಂದರೂ ಕಣ್ಣು ಕೇಳಲಿಲ್ಲ.

ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ಕಸಿದು ಪಟ್ಟಂತ ಮುಚ್ಚಳ ಹಾಕಿದರು.

“ಹ್ವಾಯ್, ಡಬ್ಬಿ ಮೇಲ್ ಮರ್ಕ್‌ಬೇಡ. ಅಕ್ಕಿ ಚಂಡಿ ಆತ್ತ್.”